ಕಾಶವ್ವನ ಕೈಯ ಚುಕ್ಕಿ

ಮಾಗಿಯ ಚಳಿಗೆ ಬೇರೆ ಊರಿನ ಹೆಂಗಸರು ತೋಳು ಮುಚ್ಚಿಕೊಂಡರೆ ನಮ್ಮೂರಿನವರು ತೋಳು ತೆರೆದುಕೊಂಡು ಓಡಾಡುತ್ತಿದ್ದರು. ಹಲ್ಲು ಕಟಕಟ ಅನ್ನಲಿ, ಮೈಮೇಲೆ ಮುಳ್ಳೇಳಲಿ, ಕುಪ್ಪಸದ ತೋಳು ಮಾತ್ರ ಮೊಣಕೈಗಿಂತ ಮೇಲೇ ಇರಬೇಕು. ನಾನು ಈ ಊರಿನ ಸಿಂಪಿಗರ ಮನೆಯವಳು, ಅಂಬಕ್ಕ ಅಂತ. ಊರಿನ ಅಷ್ಟೂ ಹೆಂಗಸರ ತೋಳಿನ ಅಳತೆ ನನ್ನ ತಲೆಯಲ್ಲಿದೆ. ಯಾರ ತೋಳಿನ ಮೇಲೆ ಏನಿದೆ ಅನ್ನುವುದು ಬೇಡವೆಂದರೂ ನನಗೆ ಗೊತ್ತಾಗುತ್ತಿತ್ತು.

ನಮ್ಮಲ್ಲಿ ಯಾರ ಕೈಯಿಂದ ಬಿದ್ದ ಗೋಧಿ ಮೊಳೆಯುತ್ತದೋ ಅವರ ಕೈಮೇಲೆ ಆ ಗಿಡದ ತುಕ್ಕುರೋಗವೂ ಕಾಣಿಸಿಕೊಳ್ಳುತ್ತದೆ. ಎಲೆಯ ಮೇಲೆ ತುಕ್ಕಿನ ಚುಕ್ಕಿ ಎದ್ದ ದಿನವೇ ಬಿತ್ತಿದವಳ ಮುಂಗೈ ಮೇಲೂ ಏಳುತ್ತದೆ, ಸಾಸಿವೆ ಕಾಳಿಗಿಂತ ಸಣ್ಣದು, ಇಟ್ಟಂಗಿ ಬಣ್ಣದ್ದು. ನೋವಿಲ್ಲ, ತುರಿಕೆಯಿಲ್ಲ. ಗಿಡ ಕೊಯ್ದರೆ ಅಥವಾ ಕಿತ್ತರೆ ಕೈಮೇಲಿನದೂ ಮಾಯ. ಕೂರಿಗೆ ಹೊಡೆಯುವವರು ಗಂಡಸರು, ಅದರ ಹಿಂದೆ ನಡೆಯುತ್ತ ಬಟ್ಟಲಿಗೆ ಬೀಜ ಬಿಡುವವರು ಹೆಂಗಸರು. ಹಾಗಾಗಿ ಗಂಡಸರ ಕೈ ಸದಾ ಚೊಕ್ಕ, ಚೊಕ್ಕ ಕೈಯ ಬಗ್ಗೆ ಕಟ್ಟೆಯ ಮೇಲೆ ಕೂತು ಹೆಚ್ಚು ಮಾತಾಡುತ್ತಿದ್ದವರೂ ಅವರೇ. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖಕ್ಕಿಂತ ಮೊದಲು ಅವಳ ತಾಯಿಯ ಕೈ ನೋಡುತ್ತಿದ್ದರು. ಚುಕ್ಕಿ ಕಂಡರೆ ಚಹಾ ಕುಡಿಯದೆ ಎದ್ದುಹೋಗುತ್ತಿದ್ದರು.

ನನ್ನ ಕಾಲಕ್ಕೆ ಚುಕ್ಕಿಯೇ ಅಪರೂಪವಾಗಿತ್ತು ಅನ್ನಿ. ಅಜ್ಜಂದಿರ ಕಾಲದಲ್ಲಿ ಯಾವುದೋ ವರ್ಷ ಊರಿನ ಗೋಧಿಗೆಲ್ಲ ತುಕ್ಕು ಹತ್ತಿದಾಗ ಒಂದೇ ಒಂದು ಗಿಡ ತೊಳೆದಿಟ್ಟಂತೆ ಹಸಿರಾಗಿ ನಿಂತಿತ್ತಂತೆ. ಅದರ ತೆನೆಯನ್ನು ಬಿತ್ತಿ, ಬಂದದ್ದನ್ನು ಮತ್ತೆ ಬಿತ್ತಿ, ಊರೆಲ್ಲ ಹಂಚಿಕೊಂಡರು. ಅದೇ ನಮ್ಮ ಬಿಳಿ ಗೋಧಿ. ಎಲ್ಲ ಹೊಲದಲ್ಲೂ ಅದೇ, ಎಲ್ಲರ ಕಣಜದಲ್ಲೂ ಅದೇ. ಅದು ಕೆಡಬಾರದು ಅಂತ ತೆನೆ ಹೊಡೆಯುವ ಮುಂಚೆ ಹಿರಿಯರು ಹೊಲ ಹೊಲ ತಿರುಗಿ ಎಲೆ ನೋಡುತ್ತಿದ್ದರು. ಚುಕ್ಕಿ ಕಂಡ ಗಿಡವನ್ನು ಬೇರುಸಮೇತ ಕಿತ್ತು ಸುಡಬೇಕು. ಚುಕ್ಕಿ ಕಂಡ ಹೆಂಗಸು ಮುಂದೆ ಯಾರ ಹೊಲದಲ್ಲೂ ಬಟ್ಟಲಿಗೆ ಬೀಜ ಬಿಡಬಾರದು. ಚುಕ್ಕಿಯಿದ್ದ ಗಿಡದಲ್ಲಿ ಕಾಳು ಹೇಗೆ ತುಂಬಿತ್ತು, ಚುಕ್ಕಿ ಹರಡಿತ್ತೋ ಅಲ್ಲೇ ನಿಂತಿತ್ತೋ ಅಂತ ಒಬ್ಬರೂ ಬಗ್ಗಿ ನೋಡಿದವರಲ್ಲ. ನಾನೂ ನೋಡಿದವಳಲ್ಲ ಬಿಡಿ, ನನ್ನ ಕಣ್ಣೆಲ್ಲ ಸೂಜಿಯ ಮೇಲೆ.

ಊರಿನಲ್ಲಿ ಮಣಿಕಟ್ಟಿನವರೆಗೆ ತೋಳಿರುವ ಕುಪ್ಪಸ ಹೊಲಿಸುತ್ತಿದ್ದವಳು ಕಾಶವ್ವ ಒಬ್ಬಳೇ. ಹಳ್ಳದ ಆಚೆ ಅವಳ ಮನೆ, ಮನೆಯ ಹಿಂದೆ ಸಣ್ಣ ಪಟ್ಟಿ ಹೊಲ. ಎಲೆ ನೋಡುವ ಹಿರಿಯರು ಹಳ್ಳ ದಾಟುತ್ತಿರಲಿಲ್ಲ, ಹಾಗಾಗಿ ಆ ಪಟ್ಟಿಯಲ್ಲಿ ಅವಳು ತಾಯಿ ಕೊಟ್ಟ ಕೆಂಪು ಗೋಧಿಯನ್ನೇ ಬಿತ್ತುತ್ತ ಬಂದಿದ್ದಳು. ಪ್ರತಿ ಮಾಗಿಗೂ ಅವಳ ಮುಂಗೈ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕಿ. ಊರವರಿಗಿಂತ ಮೊದಲೇ ಬರುತ್ತಿದ್ದವು, ಆಮೇಲೆ ಸುಗ್ಗಿಯವರೆಗೂ ಅಷ್ಟಕ್ಕೇ ಇರುತ್ತಿದ್ದವು. ಒಮ್ಮೆ ಅಳತೆ ತೆಗೆಯುತ್ತ ನಾನೇ ಅಂದೆ, "ಕಾಶವ್ವ, ಈ ಹಟ ಯಾಕ? ಬಿಳಿ ಬೀಜ ನಾ ಕೊಡಸ್ತೀನಿ, ಬಿತ್ತು. ತೋಳು ಗಿಡ್ಡ ಹೊಲದ್ರ ನಿನಗ ಬಟ್ಟೀನೂ ಉಳೀತೈತಿ."

ಅವಳು ನಕ್ಕು ಮುಂಗೈಯನ್ನು ಬೆಳಕಿಗೆ ಹಿಡಿದಳು. "ನಮ್ಮವ್ವನ ಕೈಮ್ಯಾಲೂ ಹಿಂಗ ಇದ್ದೂವು ಅಂಬಕ್ಕ. ಆಕಿ ಹೋಗಿ ಭಾಳ ದಿನ ಆತು, ಮಾರಿ ಮಸಕಾಗೇತಿ. ಮಾಗಿ ಬಂತಂದ್ರ ಈ ಕೈ ನೋಡ್ತೀನಿ, ಆಕಿ ಕೈ ನೆಪ್ಪಾಕೈತಿ. ಅದಕ್ಕ ಬಿಡವಲ್ಲೆ." ನಾನು ತೋಳನ್ನು ಉದ್ದಕ್ಕೇ ಕತ್ತರಿಸಿದೆ.

ಅವಳ ಮಗಳು ತುಳಜಾ. ಹಿಟ್ಟಿನ ಗಿರಣಿಯಲ್ಲಿ ಸರತಿಗೆ ನಿಂತು ನಿಂತು ಸಾವಂತ್ರೆವ್ವನ ಮಗ ಮಲ್ಲೇಶಿಯ ಜೊತೆ ಮಾತು ಬೆಳೆದು, ಕೊನೆಗೆ ಹುಡುಗ ಮನೆಯಲ್ಲಿ ಇವಳೇ ಬೇಕು ಅಂತ ಕೂತ. ಸಾವಂತ್ರೆವ್ವನ ಕೈ ಊರಿಗೇ ಚೊಕ್ಕ ಕೈ, ಹೊಸ ಹೊಲಕ್ಕೆ ಮೊದಲ ಬೀಜ ಬಿಡಲು ಎಲ್ಲರೂ ಅವಳನ್ನೇ ಕರೆಯುತ್ತಿದ್ದರು. ಕೆಟ್ಟವಳಲ್ಲ, ಆದರೆ ಆ ಕೈಯ ಬಗ್ಗೆ ಒಂದು ಬಿಗುಮಾನ ಇತ್ತು. ಅವಳೇ ಹಳ್ಳ ದಾಟಿ ಕಾಶವ್ವನ ಮನೆಗೆ ಹೋದಳು, ನನ್ನನ್ನೂ ಜೊತೆಗೆ ಕರೆದುಕೊಂಡು.

"ಹುಡುಗಿ ಬಂಗಾರದಂಥಾಕಿ ಅಕ್ಕಾರ, ನಂದೇನೂ ತಕರಾರಿಲ್ಲ," ಅಂದಳು ಸಾವಂತ್ರೆವ್ವ. "ಆದ್ರ ಆ ಕೆಂಪು ಗೋಧಿ ಇರಬಾರದ್ರಿ. ನಾಳೆ ಮಗಳು ತವರಿಗೆ ಬರ್ತಾಳ, ಹೋಗ್ತಾಳ, ಸೆರಗಿಗೆ ಒಂದು ಕಾಳು ಹತ್ತಿ ಬಂದ್ರ ನಮ್ಮ ಹೊಲ ಕೆಡತೈತಿ. ಮದುವಿಗೆ ಹೆಂಗೂ ಹುಗ್ಗಿ ಮಾಡಬೇಕಲ್ರಿ? ಇದ್ದದ್ದು ಪೂರಾ ಕುಟ್ಟಿ ಹುಗ್ಗಿ ಮಾಡಿಬಿಡ್ರಿ. ಊರೆಲ್ಲ ಉಂಡು ಹರಸಲಿ."

ಒಳಗಿನ ಬಾಗಿಲಲ್ಲಿ ತುಳಜಾ ನಿಂತಿದ್ದಳು. ತಾಯಿಯ ಮುಖ ನೋಡಿದಳು, ತಲೆ ತಗ್ಗಿಸಿದಳು. ಕಾಶವ್ವ ಅವಳ ಕಡೆ ನೋಡಿ, "ಆತ್ರಿ. ಮಗಳಿಗಿಂತ ಬೀಜ ದೊಡ್ಡದೇನಲ್ಲ," ಅಂದಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯಲಿಲ್ಲ, ಹಾಗಾಗಿ ದಾರಿಯುದ್ದಕ್ಕೂ ಚಪ್ಪಲಿಯ ಉಂಗುಷ್ಟ ಸರಿಯಿಲ್ಲ ಅಂತ ಗೊಣಗುತ್ತ ಬಂದೆ.

ಬಿತ್ತನೆಗೆ ಸ್ವಲ್ಪ ಮುಂಚೆ ಮದುವೆ. ಸಾವಂತ್ರೆವ್ವನ ಮನೆಯ ಪಕ್ಕದಲ್ಲೇ ಹರಗಿ ಹದ ಮಾಡಿದ್ದ ಹೊಲದ ಅಂಚಿಗೆ ಹಂದರ ಹಾಕಿದ್ದರು. ಕಾಶವ್ವನ ಕಣಜ ಗುಡಿಸಿ ತಂದ ಕೆಂಪು ಗೋಧಿಯನ್ನು ನಾವೆಲ್ಲ ಸೇರಿ ನೆನೆಸಿ ಕುಟ್ಟಿದೆವು. ಹಾಡು ಹೇಳುವ ಹೆಂಗಸರು ಹಾಡಿದರು, ಕಾಶವ್ವ ಒನಕೆಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಬೆಲ್ಲ, ಗಸಗಸೆ, ಕೊಬ್ಬರಿ ಹಾಕಿ ಕುದಿಸಿದ ಆ ಹುಗ್ಗಿಯ ರುಚಿ ನಾನು ಇವತ್ತಿಗೂ ಮರೆತಿಲ್ಲ. ಎಲೆ ನೋಡುವ ಹಿರಿಯರೇ ಎರಡೆರಡು ಸಲ ಕೇಳಿ ಹಾಕಿಸಿಕೊಂಡು, ಬೆರಳು ಚೀಪಿ, "ಕೆಂಪು ಗೋಧಿ ಬಾಯಿಗೆ ಚಲೋ, ಹೊಲಕ್ಕ ಬ್ಯಾಡ," ಅಂದರು. ಊರು ಊರೇ ಕೂತು ಅದನ್ನು ಉಂಡು ಮುಗಿಸಿತು. ಉಳಿದದ್ದು ಕಾಶವ್ವನ ಉಡಿಯಲ್ಲಿ ಒಂದು ಹಿಡಿ. ಅಕ್ಷತೆಗೆ ನಮ್ಮಲ್ಲಿ ಅಕ್ಕಿಯಲ್ಲ, ಅವರವರ ಮನೆಯ ಗೋಧಿ. ಹೆತ್ತವಳು ತನ್ನ ಮನೆಯ ಕಾಳನ್ನೇ ಹಾಕಬೇಕು, ಅದಕ್ಕೆ ಸಾವಂತ್ರೆವ್ವನೂ ಇಲ್ಲ ಅನ್ನುವಂತಿರಲಿಲ್ಲ. ಅರಿಶಿನ ಹಚ್ಚಿದ ಆ ಹಿಡಿಯನ್ನು ಕಾಶವ್ವ ಮಗಳ ತಲೆಯ ಮೇಲೆ ಹಾಕಿದಳು. ಹಾಕಿದ ಮೇಲೂ ಅವಳ ಕೈ ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿತ್ತು.

ಹಂದರ ಬಿಚ್ಚಿದರು, ಅದೇ ಜಾಗದ ಮೇಲೆ ಕೂರಿಗೆ ಹಾಯಿತು. ಆ ಹೊಲಕ್ಕೆ ಬಿಳಿ ಬೀಜ ಬಿಟ್ಟವಳು ಹೊಸ ಸೊಸೆ ತುಳಜಾ, ಮೇಲಿನ ಹೊಲಕ್ಕೆ ಸಾವಂತ್ರೆವ್ವ. ಕಾಶವ್ವ ತನ್ನ ಪಟ್ಟಿಗೆ ಕಡಲೆ ಬಿತ್ತಿದಳು. ಕಡಲೆಗೆ ಕೈಮೇಲೆ ಏಳುವ ಚಾಳಿ ಇಲ್ಲ, ಹಾಗಾಗಿ ಹಳೆಯ ಕುಪ್ಪಸಗಳ ತೋಳನ್ನೂ ನನ್ನ ಹತ್ತಿರ ಗಿಡ್ಡ ಮಾಡಿಸಿಕೊಂಡಳು. ಬಿಳಿ ಗೋಧಿ ಕೊಡುತ್ತೇನೆ ಅಂದರೆ, "ಈ ವರ್ಷ ಬ್ಯಾಡ," ಅಂದಳು.

ಚಳಿ ಶುರುವಾದಾಗ ಒಂದು ಬೆಳಿಗ್ಗೆ ನನ್ನ ಮಿಷನ್ನಿನ ಮುಂದೆ ಬಂದು ಕೂತಳು. ಬಗಲಲ್ಲಿ ಬಟ್ಟೆ. "ತೋಳುದ್ದ ಕುಬಸ ಹೊಲಿ," ಅಂದಳು. ನಾನು ಚೇಷ್ಟೆ ಮಾಡಿದೆ, "ಯಾಕವಾ, ಕಡ್ಲಿಗೂ ತುಕ್ಕು ಬಂತೇನ?" ಅವಳು ಸೀರೆಯ ಸೆರಗು ಸರಿಸಿ ಕೈ ಮುಂದಿಟ್ಟಳು. ಮುಂಗೈ ಮೇಲೆ ನಾಲ್ಕೈದು ಚುಕ್ಕಿ. ನನ್ನ ಕಾಲು ಪೆಡಲ್ ಮೇಲೆ ಹಾಗೇ ನಿಂತಿತು.

"ಎಲ್ಲೋ ಬದುಕೇತಿ ಅಂಬಕ್ಕ," ಅಂದಳು. ನಗುತ್ತಿದ್ದಳು, ಕಣ್ಣೀರೂ ಸುರಿಯುತ್ತಿತ್ತು, ಎರಡನ್ನೂ ಒರೆಸಿಕೊಳ್ಳಲಿಲ್ಲ. ಇಬ್ಬರೂ ಕೂತು ಯೋಚಿಸಿದೆವು. ಕಣಜದಲ್ಲಿಲ್ಲ, ಒರಳ ಹತ್ತಿರ ಬಿದ್ದದ್ದನ್ನು ಕೋಳಿ ತಿಂದವು. ಅಕ್ಷತೆಯ ನೆನಪಾದದ್ದು ನನಗೆ. ಅದನ್ನು ಹೇಳುತ್ತಲೇ ಅವಳ ನಗು ನಿಂತುಹೋಯಿತು. ಹಂದರದ ಜಾಗ ಅಂದರೆ ಸಾವಂತ್ರೆವ್ವನ ಹೊಲ. ಎಲೆ ನೋಡುವ ದಿನ ಹತ್ತಿರವಿತ್ತು. ಹೊಸ ಸೊಸೆ ಬಿತ್ತಿದ ಹೊಲದಲ್ಲಿ ಹಿರಿಯರಿಗೆ ಚುಕ್ಕಿಯ ಗಿಡ ಸಿಕ್ಕರೆ, ಮೊದಲ ವರ್ಷವೇ ಅವಳ ಕೈಯಿಂದ ಬಟ್ಟಲು ಕಸಿದುಕೊಳ್ಳುತ್ತಾರೆ. ಚುಕ್ಕಿಯವಳ ಮಗಳು ಅಂತ ಹೆಸರಿಡಲು ಊರು ಹೇಗೂ ಕಾಯುತ್ತಿತ್ತು. "ಉದ್ದ ಹೊಲಿ, ಲಗೂನ ಹೊಲಿ," ಅಂದಳು ಕಾಶವ್ವ. "ಯಾರೂ ನೋಡೂದು ಬ್ಯಾಡ."

ಎಲೆ ನೋಡುವ ದಿನದ ಹಿಂದಿನ ದಿನ ಕುಪ್ಪಸ ಹಾಕಿ ನೋಡಲು ಬಂದಳು. ಒಂದು ತೋಳು ಹಾಕಿದ್ದೆ, ಇನ್ನೊಂದಕ್ಕೆ ಟಾಕು ಹಾಕುತ್ತ ಅವಳ ಕೈ ಹಿಡಿದುಕೊಂಡಿದ್ದೆ. ನನ್ನ ಕಣ್ಣೆದುರಿಗೇ ಮಣಿಕಟ್ಟಿನ ಹತ್ತಿರದ ಚುಕ್ಕಿ ಇಲ್ಲವಾಯಿತು. ಒರೆಸಿದ ಹಾಗೆ. ಸ್ವಲ್ಪ ಹೊತ್ತಿಗೆ ಅದರ ಪಕ್ಕದ್ದು. ಅವಳೂ ನೋಡುತ್ತಿದ್ದಳು. ಯಾರೋ ಹೊಲದಲ್ಲಿ ಬಗ್ಗಿ ಒಂದೊಂದೇ ಗಿಡ ಕೀಳುತ್ತಿದ್ದರು, ಇಲ್ಲಿ ನನ್ನ ಬೆರಳುಗಳ ನಡುವೆ ಅದು ಕಾಣಿಸುತ್ತಿತ್ತು. "ಹಿರ್ಯಾರು ಬರೂದು ನಾಳೆ," ಅಂದೆ, ಸುಮ್ಮನೆ ಏನಾದರೂ ಅನ್ನಬೇಕಲ್ಲ.

"ಹಿರ್ಯಾರಲ್ಲ," ಅಂದಳು ಕಾಶವ್ವ. "ನನ್ನ ಮಗಳು. ಆಕಿಗೊಬ್ಬಾಕಿಗೇ ಕೆಂಪು ಗೋಧಿ ದಂಟು ಗುರ್ತು." ಮತ್ತೊಂದು ಚುಕ್ಕಿ ಹೋಯಿತು. ಅವಳು ಕೈ ಎಳೆದುಕೊಳ್ಳಲಿಲ್ಲ, ಅಳಲೂ ಇಲ್ಲ. "ಕೀಳಲಿ ಬಿಡು. ಆಕಿ ಅಲ್ಲಿ ಬಾಳೇ ಮಾಡಬೇಕು," ಅಂದಳು. ಆದರೆ ನನ್ನ ಕೈಯನ್ನು ಅವಳು ಹಿಡಿದುಕೊಂಡಿದ್ದ ಹಿಡಿತ ನೋಯುವಷ್ಟಿತ್ತು. ಕೊನೆಗೆ ಮೊಣಕೈಯ ಹತ್ತಿರ ಒಂದೇ ಒಂದು ಉಳಿಯಿತು. ಅದೂ ಈಗ ಹೋಗುತ್ತದೆ, ಈಗ ಹೋಗುತ್ತದೆ ಅಂತ ಇಬ್ಬರೂ ಕಾದು ಕೂತೆವು. ಹೋಗಲಿಲ್ಲ. ಮರುದಿನ ಹಿರಿಯರು ಎಲ್ಲ ಹೊಲ ತಿರುಗಿ ಸಾವಂತ್ರೆವ್ವನ ಸೊಸೆಯ ಕೈ ಚೊಕ್ಕ ಅಂತ ಕಟ್ಟೆಯ ಮೇಲೆ ಹೇಳಿದರು. ಆ ಚುಕ್ಕಿ ಆಗಲೂ ಇತ್ತು.

ಆಮೇಲೆ ಮಂಜು ಬಿತ್ತು. ಒಂದು ವಾರ ಸೂರ್ಯನ ಮುಖ ಕಾಣದ ಮಂಜು, ಎಲೆ ಹಿಂಡಿದರೆ ನೀರು. ಮಂಜು ಸರಿದ ಬೆಳಿಗ್ಗೆ ತುಳಜಾಳ ಎರಡೂ ಕೈ ಮಣಿಕಟ್ಟಿನಿಂದ ಹೆಗಲಿನವರೆಗೆ ಇಟ್ಟಂಗಿ ಪುಡಿ ಮೆತ್ತಿದ ಹಾಗಿದ್ದವು. ತವರಿನ ರೋಗ ತಂದಳು ಅಂತ ಓಣಿಯಲ್ಲಿ ಮಾತು ಎದ್ದಿತು. ಸಾವಂತ್ರೆವ್ವನೂ ಸೊಸೆಯನ್ನು ಒಂದು ಮಾತು ಅಂದಳಂತೆ. ಆ ಮಾತಿಗೆ ಆಯುಷ್ಯ ಇರಲಿಲ್ಲ. ಮಾರನೆಯ ದಿನ ಸಾವಂತ್ರೆವ್ವನ ಕೈಯೇ ಹಾಗಾಯಿತು, ಆಮೇಲೆ ಊರಿನ ಎಲ್ಲ ಹೆಂಗಸರ ಕೈ, ಹಿತ್ತಲಿಗೆ ನಾಲ್ಕು ಸಾಲು ಬಿತ್ತಿದ್ದ ನನ್ನದೂ. ಹೊಲಕ್ಕೆ ಹೋದ ಗಂಡಸರ ಧೋತರ ತುಕ್ಕಿನ ಪುಡಿಯಿಂದ ಕೆಂಪಾಗಿ ಬಂದವು. ಹಿಂದೆಂದೂ ಕಾಣದ ತುಕ್ಕು ಅದು, ಬಿಳಿ ಗೋಧಿಯನ್ನು ದಾಟಲು ಕಲಿತು ಬಂದಿತ್ತು. ಆಮೇಲೆ ನಾನು ಬಹಳ ಸಲ ಯೋಚಿಸಿದ್ದೇನೆ. ಬಿಳಿ ಗೋಧಿಯ ಮನೆಗೆ ಇದ್ದದ್ದು ಒಂದೇ ಬೀಗ, ಊರಿನ ಎಲ್ಲ ಮನೆಗೂ ಅದೇ ಬೀಗ. ಒಂದು ಕೀಲಿ ಸಿಕ್ಕಿದವನಿಗೆ ಊರೇ ಸಿಕ್ಕಿತು. ಕೆಂಪು ಗೋಧಿ ಬಾಗಿಲು ಹಾಕುವುದೇ ಇಲ್ಲ. ಬಂದ ತುಕ್ಕನ್ನು ಪಡಸಾಲೆಯಲ್ಲಿ ಕೂರಿಸಿ ಅದು ಇದು ಮಾತಾಡುತ್ತದೆ, ಒಳಗೆ ಮಾತ್ರ ಬಿಡುವುದಿಲ್ಲ.

ಆ ತಿಂಗಳು ನನ್ನ ಮಿಷನ್ನಿಗೆ ಪುರಸೊತ್ತಿಲ್ಲ. ಊರಿಗೆಲ್ಲ ತೋಳುದ್ದ ಕುಪ್ಪಸ ಬೇಕಾಯಿತು. ಅಂಗಡಿಯ ಬಟ್ಟೆ ತೀರಿ, ಹಳೆಯ ಸೀರೆಯ ಅಂಚು ಹರಿದು ತೋಳಿಗೆ ಜೋಡಿಸಿದೆ. ಮೊದಮೊದಲು ನಾಚಿಕೆಯಿಂದ ಹೊಲಿಸಿದವರು ಆಮೇಲೆ ಹೊಲಿಸುವುದನ್ನೇ ಬಿಟ್ಟರು. ಎಲ್ಲರ ಕೈಯೂ ಒಂದೇ ಆದಮೇಲೆ ಯಾರಿಂದ ಮುಚ್ಚಿಡುವುದು? ತೆನೆ ಬಂತು, ಹಿಚುಕಿದರೆ ಒಳಗೆ ಕಾಳಿಲ್ಲ, ಬರೀ ಜೊಳ್ಳು. ಮುಂದಿನ ವರ್ಷ ಬಿತ್ತಲು ಬೀಜ ಎಲ್ಲಿಂದ ಅಂತ ಮಾತು ಬಂದಾಗ ಕಟ್ಟೆಯ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ಹುಗ್ಗಿಯ ನೆನಪು ಎಲ್ಲರಿಗೂ ಒಟ್ಟಿಗೇ ಆಗಿರಬೇಕು.

ಸಾವಂತ್ರೆವ್ವ ಮತ್ತೆ ಹಳ್ಳ ದಾಟಿದಳು, ಈ ಸಲವೂ ನಾನು ಜೊತೆಗೆ, ಹಿಂದೆ ತುಳಜಾ. ಮದುವೆಯಾದ ಮೇಲೆ ತಾಯಿ ಮಗಳು ಮುಖ ನೋಡಿದ್ದು ಅವತ್ತೇ. ಸಾವಂತ್ರೆವ್ವ ಹೊಸ್ತಿಲಲ್ಲೇ ನಿಂತಳು. "ಯಾವ ಬಾಯಿಲೆ ಕೇಳ್ಲಿ ಅಕ್ಕಾರ," ಅಂದಳು. "ಒಂದು ಹಿಡಿ ಕೆಂಪು ಗೋಧಿ ಎಲ್ಲ್ಯರ ಉಳದೈತೇನ್ರಿ? ಗಡಿಗಿ ತಳಕ, ಚೀಲದ ಹೊಲಿಗಿಯೊಳಗ?"

"ನೀವ ಉಂಡ್ರೆಲ್ರಿ," ಅಂದಳು ಕಾಶವ್ವ. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ. ಸಾವಂತ್ರೆವ್ವ ಅಲ್ಲೇ ಕುಸಿದು ಕೂತಳು. ಅವಳು ಅಳುವುದನ್ನು ನಾನು ನೋಡಿದ್ದು ಆಗಲೇ. ಊರಿನ ಅಷ್ಟು ಹೊಲಕ್ಕೆ ಮೊದಲ ಬೀಜ ಬಿಟ್ಟ ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಯಾರದೋ ಕೈ ಅನ್ನುವ ಹಾಗೆ ನೋಡುತ್ತಿದ್ದಳು. ಕಾಶವ್ವ ತಡೆಯಲಾರದೆ ಹೋಗಿ ಪಕ್ಕದಲ್ಲಿ ಕೂತು, ತನ್ನ ಉದ್ದ ತೋಳನ್ನು ಮೊಣಕೈವರೆಗೆ ಮಡಚಿದಳು. "ಒಂದ ಒಂದು ಐತ್ರಿ," ಅಂದಳು. ಊರೆಲ್ಲ ತುಕ್ಕು ಸುರಿಯುತ್ತಿದ್ದ ದಿನಗಳಲ್ಲಿ ಆ ಚುಕ್ಕಿ ಒಂದಿಷ್ಟೂ ದೊಡ್ಡದಾಗಿರಲಿಲ್ಲ.

"ಎಲ್ಲೈತಿ? ಎಲ್ಲೈತ್ರಿ ಅದು?" ಅಂತ ಸಾವಂತ್ರೆವ್ವ ಅವಳ ಕೈ ಹಿಡಿದುಕೊಂಡಳು. ಕಾಶವ್ವ ಮಗಳ ಕಡೆ ನೋಡಿದಳು, ಹೆಸರು ಮಾತ್ರ ಹೇಳಲಿಲ್ಲ. ಮಗಳನ್ನು ಅತ್ತೆಯ ಮುಂದೆ ಸಿಕ್ಕಿಸಲು ಅವಳಿಗೆ ಮನಸ್ಸಿರಲಿಲ್ಲ. ತುಳಜಾಳೇ ಅಂದಳು, "ನನಗ ಗೊತ್ತೈತಿ ಅತ್ತಿ. ಬರ್ರಿ."

ಹಂದರ ಹಾಕಿದ್ದ ಜಾಗದಲ್ಲಿ, ಕೆಂಪು ಪುಡಿ ಮುಚ್ಚಿ ಬಾಗಿ ಬಿದ್ದ ಗೋಧಿಯ ನಡುವೆ ಅದು ಎದೆಯುದ್ದ ನಿಂತಿತ್ತು. ಕೆಂಪು ದಂಟು, ಹಸಿರು ಎಲೆ, ಒಂದು ಎಲೆಯ ಮೇಲೆ ಒಂದು ಚುಕ್ಕಿ. ಸುತ್ತಲೂ ಅಷ್ಟು ತುಕ್ಕು ಬಿದ್ದರೂ ಅದರ ಮೇಲೆ ಬೇರೂರಿರಲಿಲ್ಲ. ತೆನೆ ಮೂರು ನಾಲ್ಕು ಕವಲಿಗೂ ಬಂದು ಹಾಲು ಗಟ್ಟಿಯಾಗುತ್ತಿತ್ತು. ಸಾವಂತ್ರೆವ್ವ ಮೊಣಕಾಲೂರಿ ಕೂತು ತೆನೆಯನ್ನು ಮುಟ್ಟಲೋ ಬೇಡವೋ ಅಂತ ಕೈ ಹಿಂದೆ ಮುಂದೆ ಮಾಡಿದಳು. "ಹಿರ್ಯಾರ ಕಣ್ಣಿಗೆ ಹೆಂಗ ಬೀಳಲಿಲ್ಲವ್ವ ಇದು?" ಅಂತ ಕೇಳಿದಳು.

"ಇದರ ಮ್ಯಾಲ ಬುಟ್ಟಿ ಬೋರಲ ಹಾಕಿ ಒತ್ತಿಗೆ ಕುಂತಿದ್ದೆ. ಅವರಿಗೆ ಮಜ್ಜಿಗಿ ಕೊಟ್ಟೆ, ಕುಡದು ಹ್ವಾದ್ರು," ಅಂದಳು ತುಳಜಾ.

"ಬೀಜಕ್ಕಂತ ಉಳಿಸಿದ್ದೆಲ್ಲ, ಭಾಳ ಶ್ಯಾಣ್ಯಾಕಿ ನೀ. ಊರು ಉಳಿಸಿದಿ," ಅಂದಳು ಸಾವಂತ್ರೆವ್ವ.

ತುಳಜಾ ತಲೆ ಅಲ್ಲಾಡಿಸಿದಳು. ಅತ್ತೆಯ ಕಡೆ ನೋಡಲಿಲ್ಲ, ತಾಯಿಯ ಕಡೆ ನೋಡಿದಳು. "ಬೀಜಕ್ಕಲ್ಲ. ಎಲ್ಲಾ ಕೀಳಾಕ ಬಂದಿದ್ದೆ, ಕಿತ್ತೆ ಸೈತ. ಕಡೀಕ ಇದರ ಬುಡಕ್ಕ ಕೈ ಹಾಕಿದಾಗ ನಿನ್ನ ಕೈ ಕಣ್ಣ ಮುಂದ ಬಂತ ಯವ್ವಾ. ಇದನ್ನೂ ಕಿತ್ರ ನಿನ್ನ ಕೈ ಬರಿದಾಕೈತಿ, ನನ್ನ ಮಗಳು ನನ್ನ ಮರ್ತಳು ಅಂತ ನೀ ತಿಳ್ಕೊತೀ ಅನಸ್ತು. ಅದಕ್ಕ ಬಿಟ್ಟೆ."

ಕಾಶವ್ವ ಮಗಳ ಕೆಂಪಾದ ಕೈಗಳೆರಡನ್ನೂ ಹಿಡಿದು ತನ್ನ ಸೆರಗಿನಿಂದ ಒರೆಸತೊಡಗಿದಳು, ಒರೆಸಿದರೆ ಹೋಗುವಂಥದ್ದಲ್ಲ ಅಂತ ಗೊತ್ತಿದ್ದೂ. "ದಿನಾ ಮುಂಜಾನೆ ಎದ್ದು ಮೊದಲು ಆ ಚುಕ್ಕಿ ನೋಡ್ತಿದ್ದೆ, ನನ್ನವ್ವ," ಅಂದಳು.